ಅರ್ಧ ಕ್ಷೌರ

ಸೋಮವಾರ ನಮ್ಮ ಊರಿನ ಕ್ಷೌರದಂಗಡಿಗಳಿಗೆ ರಜೆ. ನವೆಂಬರಿನ ಒಂದು ಸೋಮವಾರ ಬೆಳಿಗ್ಗೆ ನಾನು ಅಂಗಡಿಯ ಪರದೆ ಎಳೆದು, ಮದುವೆಗೆ ಹೊರಟವನಂತೆ ಕರೀ ಕೋಟು ತೊಟ್ಟು, ಜೈಲಿಗೆ ಹೊರಟೆ. ಪಕ್ಕದ ತೋಫು ಅಂಗಡಿಯ ಇಶಿಗುರೊ ಅಮ್ಮ ಬಾಗಿಲಿಗೆ ನೀರು ಚಿಮುಕಿಸುತ್ತಿದ್ದರು.

"ಏನು ಕುರೋಗಿ ಅವ್ರೇ, ಇಷ್ಟು ಠಾಕುಠೀಕಾಗಿ ಎಲ್ಲಿಗೆ ಸವಾರಿ?"

"ಬಿಸಿನೀರಿನ ಬುಗ್ಗೆಗೆ. ಸೊಂಟ ಹಿಡ್ಕೊಂಡಿದೆ."

"ಕೋಟು ಹಾಕ್ಕೊಂಡು ಸ್ನಾನಕ್ಕಾ? ಹೋಗ್ಬನ್ನಿ, ಹೋಗ್ಬನ್ನಿ. ಪಾಪ, ತೊಮೊಯೆ ಅವ್ರೂ ತಿಂಗಳಿಗೊಂದ್ಸಲ ಅಲ್ಲಿಗೇ ಹೋಗ್ತಿದ್ರಲ್ಲ."

ತೊಮೊಯೆ ನನ್ನ ಹೆಂಡತಿ. ಅವಳೂ ವರ್ಷಗಟ್ಟಲೆ ಇದೇ ಸುಳ್ಳು ಹೇಳಿ ಇದೇ ರೈಲು ಹತ್ತಿದವಳು. ಇಶಿಗುರೊ ಅಮ್ಮನಿಗೆ ನಿಜ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ನಮ್ಮ ಊರಿನವರ ದೊಡ್ಡ ಗುಣ ಅದು. ಎಲ್ಲ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಒಬ್ಬರಾದರೂ ಬಂದು ಮುಖಕ್ಕೆ ಉಗಿದಿದ್ದರೆ ಒರೆಸಿಕೊಂಡು ಹಗುರಾಗುತ್ತಿದ್ದೆ. ಉಗಿಯಲಿಲ್ಲ. 'ಹಿರೊಮು ಹೇಗಿದ್ದಾನೆ' ಎಂದು ಕೇಳುವುದನ್ನು ಮಾತ್ರ ಇಡೀ ಬೀದಿ ಒಂದೇ ವಾರದಲ್ಲಿ ನಿಲ್ಲಿಸಿತು.

ಹಿರೊಮು ನಮ್ಮ ಒಬ್ಬನೇ ಮಗ. ಕತ್ತರಿ ಹಿಡಿಯಲ್ಲ ಎಂದು ಹಟ ಮಾಡಿ ಪಟ್ಟಣ ಸೇರಿದವನು. ಅಲ್ಲಿ ಅವನು ಹಿಡಿದದ್ದು ಫೋನು. ಯಾರೋ ಒಬ್ಬ ಮುದುಕಿಗೆ ಫೋನ್ ಮಾಡುವುದು, 'ಅಮ್ಮಾ, ನಾನೇ, ನಿನ್ನ ಮಗ, ಆಫೀಸಲ್ಲಿ ದೊಡ್ಡ ತಪ್ಪು ಮಾಡ್ಬಿಟ್ಟೆ, ಕಾಪಾಡಮ್ಮಾ' ಎಂದು ಅಳುವುದು. ಮುದುಕಿ ಗಾಬರಿಯಾಗಿ ಕೂಡಿಟ್ಟದ್ದನ್ನೆಲ್ಲ ತಂದು ಬಾಗಿಲಿಗೆ ಬಂದ ಇನ್ನೊಬ್ಬನ ಕೈಗೆ ಕೊಡುತ್ತಾಳೆ. ಅಳುವುದರಲ್ಲಿ ಆ ಗುಂಪಿನಲ್ಲಿ ಕುರೋಗಿ ಹಿರೊಮುದೇ ಎತ್ತಿದ ಕೈ ಎಂದು ನ್ಯಾಯಾಲಯದಲ್ಲಿ ಓದಿದರು. ನಾನು ಕೊನೆಯ ಬೆಂಚಿನಲ್ಲಿ ಟೋಪಿಯಿಂದ ಮುಖ ಮುಚ್ಚಿಕೊಂಡು ಕೂತಿದ್ದೆ. ಆರು ವರ್ಷ ಎಂದರು. ಅವನು ತಿರುಗಿ ನೋಡುವ ಮುಂಚೆ ಎದ್ದು ಬಂದೆ.

ಅಲ್ಲಿಂದ ಮುಂದೆ ನಾನು ಅವನ ಮುಖ ನೋಡಲಿಲ್ಲ, ಒಂದು ಗೆರೆ ಬರೆಯಲಿಲ್ಲ. ಹೊರ ಊರಿನ ಗಿರಾಕಿಗಳು ಮಕ್ಕಳ ಮಾತು ತೆಗೆದರೆ, "ಮಗ ಹಡಗಲ್ಲಿದಾನೆ, ಟ್ಯೂನಾ ಹಿಡಿಯೋಕೆ ದಕ್ಷಿಣ ಸಮುದ್ರಕ್ಕೆ ಹೋಗಿದಾನೆ" ಎನ್ನುತ್ತಿದ್ದೆ. ಹೇಳಿ ಹೇಳಿ ಆ ಹಡಗಿಗೆ ಒಂದು ಹೆಸರೂ ಇಟ್ಟುಬಿಟ್ಟಿದ್ದೆ, ನಾಚಿಕೆಗೆಟ್ಟವನು. ತೊಮೊಯೆ ಹೋಗಿ ಬಂದು, "ಸಣ್ಣಗಾಗಿದಾನೆ ಕಣ್ರೀ," "ನಿಮ್ಮನ್ನ ಕೇಳ್ದ ಕಣ್ರೀ" ಎನ್ನುವಾಗ ರೇಡಿಯೋದ ಸದ್ದು ಜೋರು ಮಾಡುತ್ತಿದ್ದೆ. ಒಂದು ಸಲ ಮಾತ್ರ ಅವಳು ರೇಡಿಯೋ ಆರಿಸಿ ಎದುರಿಗೆ ಬಂದು ನಿಂತಳು. "ಕೇಳಿ ಇದನ್ನ. ಒಳಗೆ ಕ್ಷೌರದ ಕೆಲಸ ಕಲಿಸೋ ಜಾಗ ಇದೆಯಂತೆ. ಸೇರ್ಕೊಂಡಿದಾನೆ." ನನಗೆ ನಗು ಬಂತು, ಸಿಟ್ಟೂ ಬಂತು. ಮನೆಯಲ್ಲಿ ಬಿಟ್ಟಿ ಸಿಗುತ್ತಿದ್ದ ವಿದ್ಯೆ ಕಲಿಯಲು ಜೈಲಿಗೆ ಹೋಗಬೇಕಾಯಿತಲ್ಲ ಎಂದು ಬೈದೆ.

ಈ ವರ್ಷ ಜನವರಿಯಲ್ಲಿ ತೊಮೊಯೆ ಹೋಗಿಬಿಟ್ಟಳು. ಅಂಗಡಿಯ ಹಿಂದೆ ಟವೆಲ್ ಮಡಿಸುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಮೆದುಳಲ್ಲಿ ರಕ್ತನಾಳ ಒಡೆದಿತ್ತು. ಧೂಪ ಹಚ್ಚಲು ಬಂದ ನೆಂಟರು ಮಗನೆಲ್ಲಿ ಎಂದರು. ಸಮುದ್ರದಲ್ಲಿ ಬಿರುಗಾಳಿ, ಹಡಗು ದಡಕ್ಕೆ ಬರಲಾಗುತ್ತಿಲ್ಲ ಎಂದೆ, ಅವಳ ಫೋಟೋದ ಮುಂದೆ ನಿಂತು.

ಮಗನಿಗೆ ತಿಳಿಸಲಿಲ್ಲ. ಫೆಬ್ರವರಿಯಲ್ಲಿ ಅವನ ಕ್ಷೌರಿಕ ಪರೀಕ್ಷೆ, ಅದು ಮುಗಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಒಳ್ಳೆಯ ನೆಪ. ಪರೀಕ್ಷೆ ಮುಗಿಯಿತು, ಪಾಸಾದ, ನೆಪ ಹಳಸಿತು. ಅಷ್ಟರಲ್ಲಿ 'ಅಮ್ಮಾ, ಯಾಕೆ ಬರಲಿಲ್ಲ' ಎಂದು ಅವನ ಕಾಗದ ಬಂತು. ನಾನು ತೊಮೊಯೆಯ ಹಳೆಯ ಹೊಸವರ್ಷದ ಕಾರ್ಡುಗಳನ್ನು ಪಕ್ಕದಲ್ಲಿಟ್ಟುಕೊಂಡು, ಅವಳ ಅಕ್ಷರ ನೋಡಿ ನೋಡಿ ಬರೆದೆ. 'ಮೊಣಕಾಲು ನೋವು, ರೈಲು ಹತ್ತಲಾರೆ, ಬೆಚ್ಚಗಿರು.' ಕೆಳಗೆ 'ಅಮ್ಮ' ಎಂದು ಹಾಕಿದೆ. ಹೀಗೆ ಮೂರು ಕಾಗದ. ಮೂರನೆಯದನ್ನು ಬರೆಯುವಾಗ ಕಾರ್ಡು ನೋಡಬೇಕಾಗಲೂ ಇಲ್ಲ. ಅಭ್ಯಾಸವಾಗಿತ್ತು.

ಅಕ್ಟೋಬರಿನಲ್ಲಿ ಅವನ ಉತ್ತರ ಬಂತು. ಹೊರಗಿನ ಜನಕ್ಕೆ ಕ್ಷೌರ ಮಾಡುವ ಅಂಗಡಿಗೆ ಅವನನ್ನು ಹಾಕಿದ್ದಾರೆ. ಅಧಿಕಾರಿಗಳು ಸಂದರ್ಶನ ಮಾಡಿ ಹೋಗಿದ್ದಾರೆ, ಅವಧಿಗೆ ಮುಂಚೆಯೇ ವಸಂತದಲ್ಲಿ ಬಿಡಬಹುದು. 'ಅಮ್ಮಾ, ಆ ದಿನ ಗೇಟಿನ ಹತ್ತಿರ ನೀನೊಬ್ಬಳೇ ಬಾ. ಮೊಣಕಾಲಿನ ಚಿಂತೆ ಬೇಡ, ಬಸ್ ಸ್ಟಾಪಿನವರೆಗೆ ಹೊತ್ತುಕೊಂಡು ಹೋಗ್ತೀನಿ.'

ಅದನ್ನು ಓದಿ ನಾನು ಗಿರಾಕಿಯ ಕುರ್ಚಿಯಲ್ಲಿ ಕೂತುಬಿಟ್ಟೆ. ಇಲ್ಲದವಳನ್ನು ಹೊರಲು ಬೆನ್ನು ಸಿದ್ಧ ಮಾಡಿಕೊಂಡು ಬರುವವನಿಗೆ ಗೇಟಿನಲ್ಲಿ ನನ್ನ ಮುಖ ಕಾಣಬೇಕೇ? ಅದಕ್ಕೆ ಮುಂಚೆ ಹೇಳಲೇಬೇಕು, ಎದುರಿಗೆ ಕೂತು ನಾನೇ ಹೇಳಬೇಕು ಎಂದು ನಿರ್ಧರಿಸಿ ಹೊರಟದ್ದು ಆ ಸೋಮವಾರ.

ಮೂರು ಗಂಟೆ ರೈಲು, ಅರ್ಧ ಗಂಟೆ ಬಸ್ಸು. ಸ್ಟೇಷನ್ನಿನಲ್ಲಿ ಕೊಂಡ ಅನ್ನದ ಉಂಡೆ ಕೋಟಿನ ಜೇಬಿನಲ್ಲಿ ಹಾಗೇ ತಣ್ಣಗಾಯಿತು. ಭೇಟಿಯ ಕಿಟಕಿಯಲ್ಲಿ ಒಬ್ಬ ಯುವತಿ ಅರ್ಜಿ ಕೊಟ್ಟಳು. ನನ್ನ ಹೆಸರು ಬರೆದೆ. ಕುರೋಗಿ ಶಿಗೆಹರು. ವಯಸ್ಸು ಅರವತ್ತೆಂಟು. ವಿಳಾಸ ಬರೆದೆ. ಆಮೇಲೆ ಒಂದು ಕಾಲಂ ಬಂತು. 'ಕೈದಿಗೂ ನಿಮಗೂ ಇರುವ ಸಂಬಂಧ.'

ಎರಡಕ್ಷರದ ಮಾತು. ದಿನಾ ಬಾಗಿಲ ಮುಂದೆ ಶಾಲೆಗೆ ಹೋಗುವ ಮಕ್ಕಳಿಗೂ ಬರೆಯಲು ಬರುತ್ತದೆ. ನನ್ನ ಕೈ ಏಳಲಿಲ್ಲ. ಹಿಂದೆ ಮೂವರು ಕಾಯುತ್ತಿದ್ದರು. ಒಬ್ಬಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಕಿಟಕಿಯ ಹುಡುಗಿ ಇಣುಕಿ, "ತಂದೆನಾ ಸರ್? ಹಾಗಾದ್ರೆ ತಂದೆ ಅಂತ ಬರೀರಿ" ಎಂದಳು. ಅವಳು ಮೆಲ್ಲಗೇ ಹೇಳಿದ್ದಿರಬೇಕು. ನನ್ನ ಕಿವಿಗೆ ಮಾತ್ರ ಅದು ಧ್ವನಿವರ್ಧಕದಲ್ಲಿ ಕೂಗಿದಂತೆ ಕೇಳಿತು.

"ಕನ್ನಡಕ ಮರೆತು ಬಂದೆ, ತರ್ತೀನಿ," ಎಂದೆ.

"ಸರ್, ಕನ್ನಡಕ ಹಾಕ್ಕೊಂಡೇ ಇದೀರಲ್ಲ," ಎಂದಳು ಅವಳು.

ಅರ್ಜಿ ಜೇಬಿಗೆ ತುರುಕಿಕೊಂಡು ಹೊರಗೆ ಬಂದೆ. ಎತ್ತರದ ಗೋಡೆಯ ಪಕ್ಕದಲ್ಲಿ ಒಂದು ಸಣ್ಣ ಕಟ್ಟಡ, ಬಾಗಿಲಲ್ಲಿ ಕೆಂಪು, ನೀಲಿ, ಬಿಳಿ ಪಟ್ಟೆಯ ಕಂಬ ತಿರುಗುತ್ತಿತ್ತು. ಕ್ಷೌರದಂಗಡಿಯ ಗುರುತು ಅದು, ನಮ್ಮ ಬಾಗಿಲಲ್ಲಿ ಇರುವಂಥದೇ ಕಂಬ. 'ಸಾರ್ವಜನಿಕರಿಗೆ ಸ್ವಾಗತ' ಎಂದು ಬೋರ್ಡು. ಹೊರಗಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಮುದುಕ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಆ ಊರಿನ ರೈತ, ಓಕುಮುರಾ ಎಂದು ಹೆಸರು. ಕೇಳದಿದ್ದರೂ ಹೇಳಿದ.

"ಹೊಸಬರಾ? ಹೆದರ್ಬೇಡಿ ಯಜಮಾನ್ರೇ, ಹತ್ತು ವರ್ಷದಿಂದ ಇಲ್ಲೇ ಕತ್ತು ಕೊಡ್ತಿದೀನಿ, ಇನ್ನೂ ತಲೆ ಇದೆ. ಕೈದಿಗಳಾದ್ರೇನು, ಪಟ್ಟಣದವರಿಗಿಂತ ನಾಜೂಕು. ಅವಸರ ಅನ್ನೋದೇ ಇಲ್ಲ ನೋಡಿ, ಎಲ್ಲಿಗೆ ಹೋಗ್ಬೇಕು ಅವ್ರು?"

ಅವನು ತನ್ನ ಜೋಕಿಗೆ ತಾನೇ ನಕ್ಕ. ನಾನೂ ನಕ್ಕೆ. ತಲೆಯಲ್ಲಿ ಒಂದು ಹೇಡಿ ಲೆಕ್ಕಾಚಾರ ಹುಟ್ಟಿತ್ತು. ಇಲ್ಲಿ ಅರ್ಜಿ ಇಲ್ಲ, ಸಂಬಂಧ ಬರೆಯಬೇಕಿಲ್ಲ. ಗಿರಾಕಿಯಾಗಿ ಒಳಗೆ ಹೋಗುವುದು, ಅವನ ಕೈಗೆ ತಲೆ ಕೊಡುವುದು, ಕಿವಿಯ ಹತ್ತಿರ ಅವನು ಬಗ್ಗಿದಾಗ ಮೆಲ್ಲಗೆ ಹೇಳಿಬಿಡುವುದು.

ಬಾಗಿಲಲ್ಲಿ ಅಧಿಕಾರಿ ಹೊಸಾಕಾ ಎನ್ನುವವರು ನಿಂತಿದ್ದರು. ನಡುವಯಸ್ಸು, ಸಮವಸ್ತ್ರಕ್ಕೆ ಒಂದು ಸುಕ್ಕಿಲ್ಲ. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ನನಗೂ ಕೇಳಿದರು. "ಒಳಗಿರೋರಲ್ಲಿ ಸಂಬಂಧಿಕರು ಯಾರಾದ್ರೂ ಇದಾರಾ ಯಜಮಾನ್ರೇ? ಇದ್ರೆ ಇಲ್ಲಿ ಕೂರೋ ಹಾಗಿಲ್ಲ, ಭೇಟಿ ಕಿಟಕಿಗೆ ಹೋಗ್ಬೇಕು."

"ಯಾರೂ ಇಲ್ಲ," ಎಂದೆ. ನಾಲಿಗೆ ತಡವರಿಸಲಿಲ್ಲ.

"ಕೂದಲು ಹೇಗೆ ಬೇಕು ಅನ್ನೋದು ಬಿಟ್ರೆ ಬೇರೆ ಮಾತು ಆಡೋ ಹಾಗಿಲ್ಲ."

"ಸರಿ."

ಒಳಗೆ ಎರಡು ಕುರ್ಚಿ. ಗೋಡೆಯ ಹಲಗೆಯ ಮೇಲೆ ಒಂದೊಂದು ಕತ್ತರಿಯ, ಕತ್ತಿಯ ಆಕಾರ ಬಿಡಿಸಿ ನಂಬರು ಬರೆದಿದ್ದರು. ಕತ್ತರಿ ಕೈಗೆ ಹೋದರೆ ಆಕಾರ ಖಾಲಿ ಕಾಣುತ್ತದೆ. ಓಕುಮುರಾ ಎಡಗಡೆಯ ಕುರ್ಚಿಗೆ ಹೋದ. ಬಲಗಡೆಯ ಕುರ್ಚಿಯ ಹಿಂದೆ ಬಿಳಿ ಅಂಗಿ ತೊಟ್ಟು, ಕೈ ಎರಡೂ ಪಕ್ಕಕ್ಕೆ ಬಿಟ್ಟು ನಿಂತಿದ್ದವನು ಹಿರೊಮು.

ಐದು ವರ್ಷದ ಮೇಲೆ ಕನ್ನಡಿಯಲ್ಲಿ ನೋಡಿದೆ. ನುಣ್ಣಗೆ ಮೆಷಿನ್ ಹೊಡೆದ ತಲೆ, ಕಿವಿಗಳು ದೊಡ್ಡದಾಗಿ ಕಾಣುತ್ತಿದ್ದವು. ಮೂವತ್ತೈದು ವರ್ಷದವನಿಗೆ ಕಿವಿಯ ಮೇಲೆ ನರೆಗೂದಲಿನ ಬಿಳಿ ಚುಕ್ಕೆಗಳು. ಅವನ ಕಣ್ಣು ಕನ್ನಡಿಯಲ್ಲಿ ನನ್ನ ಕಣ್ಣಿಗೆ ತಾಗಿ, ಸುಟ್ಟಂತೆ ಕೆಳಗೆ ಸರಿಯಿತು.

"ಬನ್ನಿ ಸರ್. ಹೇಗೆ ಕತ್ತರಿಸ್ಲಿ?"

"ಸ್ವಲ್ಪ ಚಿಕ್ಕದು ಮಾಡಿ," ಎಂದೆ. 'ಮಾಡಿ' ಎಂದೆ, ನನ್ನ ಮಗನಿಗೆ.

ಬಟ್ಟೆ ಹೊದಿಸಿದ. ಕುತ್ತಿಗೆಗೆ ಬಿಗಿಯುವ ಮುಂಚೆ ಒಂದು ಬೆರಳು ಒಳಗಿಟ್ಟು ಸಡಿಲ ನೋಡಿದ. ಒಳ್ಳೆಯದು ಎಂದುಕೊಂಡೆ. ನೀರು ಚಿಮುಕಿಸಿ ಬಾಚಿದ, ಬಲಗಡೆಯಿಂದ ಶುರುಮಾಡಿದ. ಅವನು ತಪ್ಪು ಮಾಡಲಿ ಎಂದು ನನ್ನೊಳಗಿನ ಹಳೇ ಕ್ಷೌರಿಕ ಕಾಯುತ್ತಿದ್ದ. ತಪ್ಪು ಆಗಲಿಲ್ಲ. ಬಾಚಣಿಗೆಯ ಮೇಲೆ ಕತ್ತರಿ ಒಂದೇ ಸಮ ಓಡುತ್ತಿತ್ತು, ಸದ್ದು ಎಲ್ಲೂ ಮುಗ್ಗರಿಸಲಿಲ್ಲ. ಕಿರುಬೆರಳನ್ನು ಮಾತ್ರ ಮಡಿಸದೆ ನೆಟ್ಟಗೆ ಚಾಚಿದ್ದ. ಅದು ನನ್ನ ಕೆಟ್ಟ ಚಾಳಿ, ಯಾವ ಶಾಲೆಯಲ್ಲೂ ಹೇಳಿಕೊಡುವುದಲ್ಲ. ಅಂಗಡಿಯ ಮೂಲೆಯಲ್ಲಿ ಹೋಂವರ್ಕ್ ಮಾಡುತ್ತ ಕೂತಿರುತ್ತಿದ್ದವನು ಪುಸ್ತಕ ನೋಡುತ್ತಿರಲಿಲ್ಲ ಎಂದಾಯಿತು.

ಅವನು ಬಲಗಿವಿಯ ಹತ್ತಿರ ಬಗ್ಗಿದ. ಇದೇ ಸಮಯ, ಹೇಳು ಎಂದುಕೊಂಡೆ. ಅಧಿಕಾರಿ ಎರಡು ಹೆಜ್ಜೆಯ ದೂರದಲ್ಲಿದ್ದರು. ಹಿರೊಮು ನೆಟ್ಟಗಾದ. ಹೋಯಿತು.

ಆಮೇಲೆ ನನ್ನ ತಲೆಯನ್ನು ಮುಂದಕ್ಕೆ ಬಾಗಿಸಿ ಕತ್ತಿನ ಹಿಂಭಾಗಕ್ಕೆ ಬಂದ. ಅಲ್ಲಿ ಕತ್ತರಿ ನಿಂತಿತು. ಎಷ್ಟು ಹೊತ್ತೋ. ಅವನ ಬಿಸಿಯುಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಹೆಬ್ಬೆರಳಿನಿಂದ ಕೂದಲಿನ ಅಂಚನ್ನು ಒಂದು ಸಲ ಸವರಿದ. ಬಾಗಿದ ತಲೆಗೆ ಕನ್ನಡಿ ಕಾಣುತ್ತಿರಲಿಲ್ಲ. ನಾನು ನೆಲದ ಮೇಲಿನ ನನ್ನ ಬಿಳಿ ಕೂದಲು ನೋಡುತ್ತಿದ್ದೆ.

"ವಿನಂತಿ ಸರ್!"

ಬೆಚ್ಚಿ ತಲೆ ಎತ್ತಿದೆ. ಹಿರೊಮು ಕತ್ತರಿಯನ್ನು ಟ್ರೇಯಲ್ಲಿಟ್ಟು, ಬಲಗೈಯನ್ನು ನೆಟ್ಟಗೆ ಮೇಲೆತ್ತಿ ನಿಂತಿದ್ದ. ಅಪ್ಪಣೆಯಿಲ್ಲದೆ ಕೈದಿಗಳು ಕೆಳಗೆ ಬಿದ್ದ ಬಾಚಣಿಗೆಯನ್ನೂ ಎತ್ತಿಕೊಳ್ಳುವಂತಿಲ್ಲ.

"ಏನು? ಹೇಳು," ಎಂದರು ಹೊಸಾಕಾ.

"ಈ ಗಿರಾಕಿ ನಮ್ಮ ತಂದೆ ಸರ್. ಕೂರಿಸೋಕೆ ಮುಂಚೇನೇ ಹೇಳ್ಬೇಕಿತ್ತು, ತಪ್ಪಾಯ್ತು. ಒಂದೇ ಒಂದು ಮಾತು ಕೇಳೋಕೆ ಅಪ್ಪಣೆ ಬೇಕು ಸರ್."

ಪಕ್ಕದ ಕುರ್ಚಿಯಲ್ಲಿ ಗಡ್ಡ ಕೆರೆಯುವ ಸದ್ದು ನಿಂತಿತು. ಓಕುಮುರಾ ಮುಖದ ತುಂಬ ನೊರೆ ಇಟ್ಟುಕೊಂಡು ನನ್ನತ್ತ ತಿರುಗಿದ. ಹೊಸಾಕಾ ನನ್ನ ಮುಂದೆ ಬಂದು ಮರ್ಯಾದೆಯಿಂದ ಬಗ್ಗಿದರು.

"ಹೌದಾ ಯಜಮಾನ್ರೇ? ಇವನು ನಿಮ್ಮ ಮಗನಾ?"

ಹೌದು ಎಂದಿದ್ದರೆ ಏನಾಗುತ್ತಿತ್ತು? ಎಬ್ಬಿಸಿ ಕಿಟಕಿಗೆ ಕಳಿಸುತ್ತಿದ್ದರು, ಅಷ್ಟೇ. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ನಾಲ್ಕು ಜೊತೆ ಕಣ್ಣು ನನ್ನ ಮೇಲಿದ್ದವು. ಐದು ವರ್ಷ ಹೇಳಿಕೊಂಡು ಬಂದ ನಾಲಿಗೆ ನನ್ನನ್ನು ಕೇಳದೆ ತಾನೇ ಆಡಿತು.

"ಇಲ್ಲ. ಇವ್ರು ಯಾರೋ ನಂಗೊತ್ತಿಲ್ಲ. ನಂಗೆ ಒಬ್ನೇ ಮಗ, ಹಡಗಲ್ಲಿದಾನೆ."

ಕನ್ನಡಿಯಲ್ಲಿ ಹಿರೊಮುವಿನ ಎತ್ತಿದ ಕೈ ಹಾಗೇ ಇತ್ತು. ಹೊಸಾಕಾ ಅವನತ್ತ ತಿರುಗಿ, "ನಂಬರ್ ನಾನೂರ ಹದಿನೇಳು, ಏನಿದು?" ಎಂದರು.

ಅವನು ಕೈ ಇಳಿಸಿದ. "ತಪ್ಪಾಯ್ತು ಸರ್. ಬೇರೆ ಯಾರನ್ನೋ ಅಂದ್ಕೊಂಡೆ. ಗಿರಾಕಿಗೆ ತೊಂದ್ರೆ ಕೊಟ್ಟೆ, ಕ್ಷಮಿಸ್ಬೇಕು." ನನಗೆ ಸೊಂಟದವರೆಗೆ ಬಾಗಿದ.

ಹೊಸಾಕಾ ಅವನ ಕತ್ತರಿ ತೆಗೆದು ಹಲಗೆಯ ಆಕಾರಕ್ಕೆ ಸಿಕ್ಕಿಸಿದರು. ಅವನನ್ನು ಮೂಲೆಗೆ ಕಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಓಕುಮುರಾನ ಗಡ್ಡ ಮುಗಿಸಿದ ಇನ್ನೊಬ್ಬ ಕೈದಿ ಬಂದು ನನ್ನ ಎಡಗಡೆ ಶುರುಮಾಡಿದ. ಅವನ ಕೈ ಒರಟು, ಕತ್ತರಿ ಅಲ್ಲಲ್ಲಿ ಕಚ್ಚುತ್ತಿತ್ತು. ಅರ್ಧ ತಲೆ ಮಗನದು, ಅರ್ಧ ಯಾರದೋ. ಅಷ್ಟು ಹೊತ್ತೂ ಕನ್ನಡಿಯ ಅಂಚಿನಲ್ಲಿ ಹಿರೊಮುವಿನ ಬೆನ್ನು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಅವನನ್ನು ನಾನು ಎಷ್ಟೋ ಸಲ ಬೈದಿದ್ದೇನೆ, ಒಂದು ಸಲವೂ ಮೂಲೆಗೆ ನಿಲ್ಲಿಸಿರಲಿಲ್ಲ. ಆ ನೆಲ ಬಾಯಿ ಬಿಟ್ಟಿದ್ದರೆ ಕುರ್ಚಿಯ ಸಮೇತ ಇಳಿದುಹೋಗುತ್ತಿದ್ದೆ.

ಬಸ್ ಸ್ಟಾಪಿನಲ್ಲಿ ಓಕುಮುರಾ ನನಗಿಂತ ಮುಂಚೆ ಬಂದು ಕೂತಿದ್ದ. ನನ್ನನ್ನು ಕಂಡವನೇ ತೊಡೆ ತಟ್ಟಿಕೊಂಡ.

"ಅಲ್ಲಾ ಯಜಮಾನ್ರೇ, ಎಂಥಾ ಗತಿ ಬಂತು ನಿಮ್ಗೆ! ಕ್ಷೌರಕ್ಕೆ ಹೋದ್ರೆ ಮಗ ಬೋನಸ್ಸು! ಫೋನಲ್ಲಿ 'ನಾನೇ ಅಮ್ಮಾ, ನಾನೇ' ಅಂತ ಟೋಪಿ ಹಾಕ್ತಾರಲ್ಲ, ಆ ಪೈಕಿನೇ ಇರ್ಬೇಕು ಅವ್ನು. ಒಳಗೆ ಹಾಕಿದ್ರೂ ಚಾಳಿ ಬಿಟ್ಟಿಲ್ಲ ನೋಡಿ!"

"ಹೌದೌದು, ಒಳ್ಳೇ ನಾಟಕ," ಎಂದು ನಾನು ನಕ್ಕೆ. ನಕ್ಕೆ ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಆದರೆ ನಕ್ಕೆ, ಹಲ್ಲು ಕಾಣುವ ಹಾಗೆ.

ಓಕುಮುರಾ ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟ. "ಆದ್ರೂ ಪಾಪ ಕಣ್ರೀ. ಹೋದ ವರ್ಷ ಇನ್ನೊಬ್ಬ ಕೈದಿ ಗಿರಾಕಿ ಹತ್ರ ಏನೋ ಸುಳ್ಳು ಹೇಳ್ದ ಅಂತ ಅವನನ್ನ ಅಂಗಡಿಯಿಂದ ಎತ್ತಿ ಒಂಟಿ ಕೋಣೆಗೆ ಹಾಕಿದ್ರು. ಮುಂಚೆ ಬಿಡ್ತೀವಿ ಅಂದಿದ್ದೂ ಹೋಯ್ತಂತೆ. ಇವನದೂ ಅಷ್ಟೇ. ಒಳ್ಳೇ ಕೈ ಇತ್ತು, ಕಳ್ಕೊಂಡ."

ಕಿತ್ತಳೆಯನ್ನು ಪಕ್ಕಕ್ಕಿಟ್ಟೆ. ಅವನು ನಿಜ ಹೇಳಿದ್ದ. ಸುಳ್ಳು ನನ್ನದು, ಶಿಕ್ಷೆ ಅವನಿಗೆ. ಬಸ್ಸು ಬಂದು ಬಾಗಿಲು ತೆರೆಯಿತು. ಓಕುಮುರಾ ಮೆಟ್ಟಿಲ ಮೇಲೆ ನಿಂತು, "ಹತ್ತಿ ಯಜಮಾನ್ರೇ, ಇದು ಬಿಟ್ರೆ ಇನ್ನು ಎರಡು ಗಂಟೆ ಇಲ್ಲ" ಎಂದು ಕರೆದ.

"ಅವನು ನನ್ನ ಮಗ," ಎಂದೆ.

"ಆಂ?"

"ಅಂಗಡಿಯಲ್ಲಿ ಕೈ ಎತ್ತಿದ್ನಲ್ಲ. ಅವನು ನನ್ನ ಮಗನೇ. ಸುಳ್ಳು ಹೇಳಿದ್ದು ನಾನು."

ಓಕುಮುರಾನ ಬಾಯಿ ಅರ್ಧ ತೆರೆದದ್ದು ಹಾಗೇ ಉಳಿಯಿತು. ಬಸ್ಸಿನ ಬಾಗಿಲು ಮುಚ್ಚಿಕೊಂಡಿತು. ಕಿಟಕಿಯಿಂದ ಅವನು ನನ್ನನ್ನೇ ನೋಡುತ್ತ ಹೋದ. ಐದು ವರ್ಷದಲ್ಲಿ ನಾನು ನಿಜ ಹೇಳಿದ ಮೊದಲ ಮನುಷ್ಯ ಅವನು. ಮತ್ತೆಂದೂ ಕಾಣಬೇಕಿಲ್ಲದವನಿಗೆ ಹೇಳುವುದು ಸುಲಭ.

ಭೇಟಿಯ ಕಿಟಕಿಗೆ ತಿರುಗಿ ಹೋದೆ. ಅಲ್ಲಿನ ಯುವತಿ ನನ್ನನ್ನು ಗುರುತು ಹಿಡಿದಳು. "ಕನ್ನಡಕ ಸಿಕ್ತಾ ಸರ್?" ಎಂದಳು, ತುಟಿಯಂಚಿನಲ್ಲಿ ನಗು. ಜೇಬಿನ ಅರ್ಜಿ ಮುದುಡಿ ಹೋಗಿತ್ತು. ಮೇಜಿನ ಮೇಲೆ ಅಂಗೈಯಿಂದ ತೀಡಿ ಆ ಕಾಲಮಿನಲ್ಲಿ 'ತಂದೆ' ಎಂದು ಬರೆದೆ. ಭೇಟಿಯ ಕಾರಣ ಎಂಬಲ್ಲಿ 'ತಾಯಿಯ ಸಾವಿನ ಸುದ್ದಿ ತಿಳಿಸಲು' ಎಂದು ಬರೆದೆ. ಅವಳ ಮುಖದ ನಗು ಹೋಯಿತು. ಫೋನ್ ಎತ್ತಿ ಒಳಗೆ ಮಾತಾಡಿದಳು.

ಸ್ವಲ್ಪ ಹೊತ್ತಿಗೆ ಹೊಸಾಕಾ ಅವರೇ ಬಂದರು. ಅರ್ಜಿ ಓದಿದರು, ನನ್ನ ಗುರುತಿನ ಚೀಟಿ ನೋಡಿದರು, ನನ್ನ ಮುಖ ನೋಡಿದರು.

"ಅಂಗಡಿಯಲ್ಲಿ ಹೇಳಿದ್ದು?"

"ಸುಳ್ಳು. ಅವನು ಹೇಳಿದ್ದೇ ನಿಜ. ಅವನಿಗೆ ಶಿಕ್ಷೆ ಕೊಡ್ಬೇಡಿ."

"ಅವನು ಸುಳ್ಳು ಹೇಳ್ದ ಅಂತ ಆಗಲೇ ವರದಿ ಬರೆದು ಕೊಟ್ಟಿದೀನಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೇ ವಾಸಿಯಿತ್ತು. "ಇದನ್ನ ಸೇರಿಸಿ ಇನ್ನೊಂದು ಬರೀತೀನಿ. ಆರೋಪ ನಿಲ್ಲಲ್ಲ. ಅಂಗಡಿಯಲ್ಲಿ ಉಳಿಸ್ತಾರೋ ಇಲ್ವೋ, ನನ್ನ ಕೈಲಿಲ್ಲ. ಬನ್ನಿ."

ಭೇಟಿಯ ಕೋಣೆ ನಮ್ಮ ಅಂಗಡಿಯ ಅರ್ಧವೂ ಇರಲಿಲ್ಲ. ನಡುವೆ ದಪ್ಪನೆಯ ಪಾರದರ್ಶಕ ಹಲಗೆ, ಮಾತು ದಾಟಲು ಅದರಲ್ಲಿ ಸಣ್ಣ ತೂತುಗಳು. ಆ ಕಡೆ ಹಿರೊಮು ಬಂದು ಕೂತ. ಅವನ ಪಕ್ಕದಲ್ಲಿ ಹೊಸಾಕಾ, ಮುಂದೆ ನೋಟ್ ಪುಸ್ತಕ. ಇಲ್ಲಿ ಆಡಿದ ಮಾತೆಲ್ಲ ಬರೆದುಕೊಳ್ಳುತ್ತಾರೆ. ಹಿರೊಮು ನನಗೆ ಬಾಗಿದ, ಅಂಗಡಿಯಲ್ಲಿ ಗಿರಾಕಿಗೆ ಬಾಗಿದಷ್ಟೇ.

ರೈಲಿನಲ್ಲಿ ಮೂರು ಗಂಟೆ ತಿದ್ದಿ ತೀಡಿದ ಮಾತೊಂದು ನನ್ನ ಹತ್ತಿರ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ.

"ಅಮ್ಮ ಹೋಗ್ಬಿಟ್ರಲ್ವಾ?"

"ಅವ್ರು ಹೇಳಿದ್ರಾ?" ಎಂದು ಹೊಸಾಕಾ ಕಡೆ ನೋಡಿದೆ.

"ಯಾರೂ ಹೇಳಿಲ್ಲ. ನಿಮ್ಮ ಕತ್ತು ನೋಡ್ದೆ." ಅವನು ಬೆರಳಿನಿಂದ ತನ್ನ ಕತ್ತಿನ ಹಿಂದೆ ಒಂದು ಗೆರೆ ಎಳೆದು ತೋರಿಸಿದ. "ಅಲ್ಲಿ ಅಮ್ಮ ಬಿಟ್ರೆ ಬೇರೆ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ ನೀವು. ಶನಿವಾರ ಅಂಗಡಿ ಮುಚ್ಚಿದ್ಮೇಲೆ ಅಮ್ಮ ನಿಮ್ಮನ್ನ ಕೂರಿಸ್ಕೊಂಡು ತೆಗೀತಿದ್ರು. ಬೇರೆ ಕ್ಷೌರದವನ ಹತ್ರ ಹೋಗೋಕೆ ನಿಮಗೆ ಅವಮಾನ. ಇವತ್ತು ನೋಡಿದ್ರೆ ಎರಡು ಕನ್ನಡಿ ಇಟ್ಕೊಂಡು ನೀವೇ ಕೆರ್ಕೊಂಡಿದೀರ. ಗೆರೆ ಸೊಟ್ಟ, ಎಡಗಡೆ ಎರಡು ಹಳೇ ಗಾಯ. ಮೊಣಕಾಲು ನೋವಿದ್ರೂ ಕೈಗೆ ಏನಾಗಿತ್ತು ಅಮ್ಮಂಗೆ? ಅದನ್ನೇ ಕೇಳೋಣ ಅಂತ ಕೈ ಎತ್ತಿದ್ದು."

ನಾನು ಕತ್ತಿಗೆ ಕೈ ಒತ್ತಿಕೊಂಡೆ, ಈಗಲಾದರೂ ಮುಚ್ಚಿಡಬಹುದು ಎಂಬಂತೆ.

"ಯಾವತ್ತು?"

"ಜನವರಿ ಹದಿನೆಂಟು. ಟವೆಲ್ ಮಡಿಸ್ತಾ ಇದ್ಲು. ನೋವು ತಿನ್ನಲಿಲ್ಲ."

ಅವನು ತೊಡೆಯ ಮೇಲೆ ಬೆರಳು ಮಡಿಸಿ ತಿಂಗಳು ಎಣಿಸಿದ. ಹತ್ತು ಬೆರಳೂ ಮುಗಿದವು. ಆಗ ಅವನ ಮುಖ ಒಂದು ಸಲ ಮುದುಡಿತು. ಚಿಕ್ಕವನಿದ್ದಾಗ ಅಳು ತಡೆಯಲು ಹೀಗೇ ಮೂಗು ಬಿಗಿ ಹಿಡಿಯುತ್ತಿದ್ದ. ನಾನು ಹಲಗೆಗೆ ಅಂಗೈ ಇಟ್ಟೆ. ಅವನು ಇಡಲಿಲ್ಲ.

"ಹಾಗಾದ್ರೆ ಆ ಮೂರು ಕಾಗದ?"

"ನಾನೇ," ಎಂದೆ. "ಪರೀಕ್ಷೆ ಇತ್ತಲ್ಲ ನಿಂಗೆ, ಅದಕ್ಕೆ... ಅಲ್ಲ. ಪರೀಕ್ಷೆ ಅಲ್ಲ. ನಿಂಗೆ ತಿಳಿಸಿದ್ರೆ ನಿನ್ನನ್ನ ಕಾವಲಲ್ಲಿ ಕರ್ಕೊಂಡು ಬಂದ್ಬಿಡ್ತಾರೇನೋ, ಊರವ್ರ ಮುಂದೆ ನಿಲ್ಲಿಸ್ಬಿಡ್ತಾರೇನೋ ಅಂತ ಹೆದರಿದೆ. ನಾಚ್ಕೆ ಆಯ್ತು ಕಣೋ. ಅವಳ ಮುಂದೆ ನಿನ್ನ ಕೈಲಿ ಒಂದು ಧೂಪದ ಕಡ್ಡಿ ಹಚ್ಚಿಸೋಕೂ ನಂಗೆ ನಾಚ್ಕೆ ಆಯ್ತು."

ಹೊಸಾಕಾ ಅವರ ಪೆನ್ನು ಕಾಗದದ ಮೇಲೆ ಕೆರೆಯುತ್ತಲೇ ಇತ್ತು. ಹಿರೊಮು ತನ್ನ ಕೈಗಳನ್ನು ನೋಡಿಕೊಂಡ. ಮಾತಾಡಿದಾಗ ಅವನ ದನಿ ಸಣ್ಣಗಿತ್ತು. ಕಿವಿಯನ್ನು ತೂತುಗಳ ಹತ್ತಿರ ತಂದು ಕೇಳಿಸಿಕೊಂಡೆ.

"ಅಪ್ಪಾ, ಹಿಂದೆ ನಾನು ಕಂಡು ಕೇಳದ ಅಜ್ಜಿಯರಿಗೆಲ್ಲ ಫೋನ್ ಮಾಡಿ 'ನಾನೇ, ನಿನ್ನ ಮಗ' ಅಂತಿದ್ದೆ. ಎಲ್ರೂ ನಂಬಿದ್ರು. 'ನೀನಲ್ಲ' ಅಂತ ಒಬ್ರೂ ಅನ್ಲಿಲ್ಲ. ಇವತ್ತು ಮೊದಲನೇ ಸಲ ನಿಜ ಹೇಳ್ದೆ."

ಅಷ್ಟೇ ಹೇಳಿದ. ಬೈಯಲಿಲ್ಲ, ಅಳಲಿಲ್ಲ. ಆರು ವರ್ಷ ಅವನಿಗೆ ಕೊಟ್ಟರು. ನನಗೆ ಶಿಕ್ಷೆ ಕೊಡುವವರು ಯಾರೂ ಇಲ್ಲವಲ್ಲ ಎಂದು ಮೊದಲ ಬಾರಿಗೆ ಅನ್ನಿಸಿತು. ಕುರ್ಚಿಯಿಂದ ಎದ್ದು ಹೊಸಾಕಾ ಅವರತ್ತ ತಿರುಗಿ, ಗಂಟಲು ಹರಿಯುವಂತೆ ಹೇಳಿದೆ.

"ಸರ್, ಬರ್ಕೊಳ್ಳಿ. ಇವನು ಕುರೋಗಿ ಹಿರೊಮು. ನನ್ನ ಮಗ. ಕುರೋಗಿ ಶಿಗೆಹರು ಅನ್ನೋ ನಾನು ಇವನ ತಂದೆ. ಹಾಗಂತ ಬರ್ಕೊಳ್ಳಿ."

ಹೊಸಾಕಾ ಬರೆದರು. ಬರೆದು ಮುಗಿಸಿ, ಪುಟದ ಮೇಲೆ ಪೆನ್ನು ಅಡ್ಡ ಇಟ್ಟರು.

"ಬರ್ಕೊಂಡೆ ಯಜಮಾನ್ರೇ. ಅಂಗಡಿಯಲ್ಲಿ ನೀವು ಹೇಳಿದ್ದೂ ವರದಿಯಲ್ಲಿದೆ. ಒಂದನ್ನ ಹೊಡೆದು ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಎರಡೂ ಇರುತ್ತೆ."

ಹಿರೊಮು ತಲೆ ಎತ್ತಲಿಲ್ಲ. ನಾನು ಮತ್ತೆ ಕೂತೆ. ಭೇಟಿಯ ಸಮಯದಲ್ಲಿ ಇನ್ನೂ ಆರು ನಿಮಿಷ ಉಳಿದಿತ್ತು.